ಭುಜಕ್ಕೆ ಆಪರೇಷನ್, ಕಣ್ಣು ಕಾಲಿನ ಮೇಲಿರಲಿ

ಪ್ರಶ್ನೆ: ನನ್ನ ತಾಯಿಗೆ 69 ವರ್ಷ. ಸವೆದುಹೋಗಿದ್ದ ಬಲ ಭುಜದ ಕೀಲನ್ನು ಬದಲಾಯಿಸಿ ಇಂದಿಗೆ 12 ದಿನ. ಮೂರನೆಯ ದಿನವೇ ಮನೆಗೆ ಕಳುಹಿಸಿದರು. ನಮ್ಮ ಚಿಕ್ಕಮ್ಮನಿಗೆ ಮಂಡಿ ಬದಲಾಯಿಸಿದಾಗ ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಗೆ ಚುಚ್ಚುಮದ್ದು ಕೊಟ್ಟು, ಆಮೇಲೆ ವಾರಗಟ್ಟಲೆ ಮಾತ್ರೆ ನುಂಗಿಸಿದ್ದರು. ಅಮ್ಮನಿಗೆ ಅದೇನೂ ಇಲ್ಲ, 'ಓಡಾಡಿಕೊಂಡಿರಿ' ಎಂದಷ್ಟೇ ಹೇಳಿದರು. ಇದು ಮರೆವೋ, ನಿರ್ಲಕ್ಷ್ಯವೋ? ಆಪರೇಷನ್ ಆದ ಕೈ ಮೊಣಕೈಯವರೆಗೆ ನೀಲಿಗಟ್ಟಿದೆ, ಬೆರಳುಗಳು ಊದಿವೆ. ಅದು ಹೆಪ್ಪೇ? ನಾವೇ ಆಸ್ಪಿರಿನ್ ಶುರು ಮಾಡಬಹುದೇ? ಮಲಗಿದರೆ ನೋವು ಎಂದು ಅಮ್ಮ ರಾತ್ರಿಯೆಲ್ಲ ಒರಗು ಕುರ್ಚಿಯಲ್ಲೇ ನಿದ್ದೆ ಮಾಡುತ್ತಾರೆ. ಅದಕ್ಕೇ ಇರಬೇಕು, ಎರಡು ದಿನದಿಂದ ಎಡಗಾಲೂ ಸ್ವಲ್ಪ ಊದಿದೆ.

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಕೈಯ ಬಗ್ಗೆ ನಾಲ್ಕು ಸಾಲು ಬರೆದು, ಕಾಲಿನ ಬಗ್ಗೆ ಹೋಗುತ್ತಾ ಒಂದು ಮಾತು ಸೇರಿಸಿದ್ದೀರಿ. ನನಗೆ ಚಿಂತೆ ಹಚ್ಚಿದ್ದು ಆ ಒಂದು ಮಾತು. ಇದನ್ನು ಓದಿದ ದಿನವೇ, ನಾಳೆಗೆ ಬಿಡದೆ, ತಾಯಿಯವರ ಎಡಗಾಲಿಗೆ ಡಾಪ್ಲರ್ ಸ್ಕ್ಯಾನ್, ಅಂದರೆ ನಾಳಗಳಲ್ಲಿ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್, ಮಾಡಿಸಿ. ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ 'ಒಂದೇ ಕಾಲು ಊದಿದೆ' ಎಂದು ಹೇಳಿದರೆ ಸಾಕು, ಉಳಿದದ್ದು ಅವರಿಗೆ ಅರ್ಥವಾಗುತ್ತದೆ.

ಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡಿದರೆ ಕಾಲು ಊದುವುದು ನಿಜ. ಆದರೆ ಹಾಗೆ ಊದುವಾಗ ಸಾಮಾನ್ಯವಾಗಿ ಎರಡೂ ಕಾಲು ಹೆಚ್ಚುಕಡಿಮೆ ಒಂದೇ ಸಮ ಊದುತ್ತವೆ. ಒಂದು ಊದಿ ಇನ್ನೊಂದು ಹಾಗೇ ಇದ್ದರೆ ಆ ಕಾಲಿನ ಒಳಗಿನ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳದಲ್ಲಿ, ಏನೋ ಅಡ್ಡ ನಿಂತಿರಬಹುದು ಎಂದು ಮೊದಲು ಅನುಮಾನಿಸಬೇಕು. ಮನೆಯಲ್ಲಿ ದರ್ಜಿಯ ಟೇಪು ಇದ್ದರೆ, ಮಂಡಿಯ ಕೆಳಗೆ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲುಗಳ ಸುತ್ತಳತೆ ತೆಗೆಯಿರಿ. 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಬಲವಾಗುತ್ತದೆ. ಕಡಿಮೆ ಇದ್ದ ಮಾತ್ರಕ್ಕೆ ಸ್ಕ್ಯಾನ್ ಬೇಡವೆಂದು ತೀರ್ಮಾನಿಸಬೇಡಿ. ಅಲ್ಲಿಯವರೆಗೆ ಆ ಕಾಲನ್ನು ತಿಕ್ಕುವುದು, ಒತ್ತುವುದು ಬೇಡ. ಪ್ರೀತಿಯಿಂದ ಕಾಲು ಒತ್ತಲು ಕೂರುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ, ಅವರನ್ನು ಇದೊಂದು ಸಲ ತಡೆಯಿರಿ.

ಈ ನಡುವೆ ಅವರಿಗೆ ಇದ್ದಕ್ಕಿದ್ದಂತೆ ಉಸಿರು ಸಾಲದಂತಾದರೆ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಕಣ್ಣು ಕತ್ತಲೆ ಬಂದು ಕುಸಿದರೆ ಸ್ಕ್ಯಾನ್ ಕೇಂದ್ರ ಹುಡುಕುತ್ತಾ ಕೂರಬೇಡಿ. ಆಂಬುಲೆನ್ಸ್ ಕರೆದು ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಕಾಲಿನ ಹೆಪ್ಪು ಕಿತ್ತುಕೊಂಡು ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಜೀವಕ್ಕೆ ಅಪಾಯ ಬರುವುದು ಕಾಲಿನ ಊತದಿಂದಲ್ಲ, ಈ ಪಯಣದಿಂದ.

ಇನ್ನು, ಭುಜಕ್ಕೆ ಆಪರೇಷನ್ ಆದರೆ ಕಾಲಿನಲ್ಲೇಕೆ ಹೆಪ್ಪು? ನೀವು ಈ ಪ್ರಶ್ನೆ ಕೇಳಿಲ್ಲ, ಆದರೆ ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ರಕ್ತ ನಾಳದೊಳಗೇ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ವೈದ್ಯಶಾಸ್ತ್ರ ಹೇಳುತ್ತದೆ: ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಚಪಲ ಹೆಚ್ಚುವುದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಲ್ಲಿ ಈ ತ್ರಿವಳಿಯನ್ನು ಇಂದಿಗೂ ಪಾಠ ಮಾಡುತ್ತಾರೆ. ಭುಜದ ಕೀಲು ಬದಲಾಯಿಸುವಾಗ ಮೂರೂ ಸೇರುತ್ತವೆ, ಆದರೆ ಒಂದೇ ಜಾಗದಲ್ಲಿ ಅಲ್ಲ.

ಮೂಳೆ ಕತ್ತರಿಸಿ, ಒಳಗೆ ಕೊರೆದು, ಲೋಹದ ಕಡ್ಡಿ ಕೂರಿಸಿದಾಗ ದೇಹ ಅದನ್ನು ದೊಡ್ಡ ಗಾಯವೆಂದೇ ಭಾವಿಸುತ್ತದೆ. ರಕ್ತ ಸೋರಿಹೋಗದಿರಲೆಂದು ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಅವು ಭುಜದಲ್ಲಿ ಮಾತ್ರ ನಿಲ್ಲುವುದಿಲ್ಲ, ಮೈಯೆಲ್ಲ ಸುತ್ತುತ್ತವೆ. ಇನ್ನೊಂದೆಡೆ, ಈ ಆಪರೇಷನ್ನನ್ನು ಹೆಚ್ಚಾಗಿ ರೋಗಿಯನ್ನು ಆರಾಮಕುರ್ಚಿಯಲ್ಲಿ ಒರಗಿಸಿದಂತೆ ಕೂರಿಸಿ ಮಾಡುತ್ತಾರೆ. ಸೊಂಟ, ಮಂಡಿ ಮಡಿಚಿರುತ್ತವೆ, ಅರಿವಳಿಕೆಯಲ್ಲಿ ಕಾಲಿನ ಸ್ನಾಯುಗಳು ಸಡಿಲಬಿದ್ದಿರುತ್ತವೆ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ನಮ್ಮ ಮೀನಖಂಡವೇ. ಅದು ಹಿಂಡಿದಾಗಲೇ ರಕ್ತ ಗುರುತ್ವಕ್ಕೆ ಎದುರಾಗಿ ಏರುತ್ತದೆ. ಒಂದೆರಡು ಗಂಟೆ ಆ ಪಂಪು ನಿಂತಿರುತ್ತದೆ. ಹೀಗೆ ಚಪಲವೆದ್ದ ರಕ್ತ ಭುಜದಿಂದ ಬರುತ್ತದೆ, ನಿಂತ ನೀರಿನಂಥ ಜಾಗ ಕಾಲಿನಲ್ಲಿ ಸಿಗುತ್ತದೆ.

ಕೈಯಲ್ಲಿ ಹೆಪ್ಪಾಗುವುದೇ ಇಲ್ಲವೆಂದಲ್ಲ. ಕಂಕುಳಿನ ದೊಡ್ಡ ಅಭಿಧಮನಿ ಆಪರೇಷನ್ ಜಾಗಕ್ಕೆ ಬಹಳ ಹತ್ತಿರವಿದೆ. ತೋಳನ್ನು ತಿರುಗಿಸಿ ಹಿಡಿದಾಗ, ಸ್ನಾಯುಗಳನ್ನು ಉಪಕರಣದಿಂದ ಎಳೆದು ಹಿಡಿದಾಗ ಅದಕ್ಕೂ ಎಳೆತ ಬೀಳುತ್ತದೆ. ಭುಜದ ಮುಂಭಾಗದಲ್ಲಿ ಶಸ್ತ್ರವೈದ್ಯರಾದ ನಾವು ಒಳಗೆ ಹೋಗುವ ದಾರಿಯಲ್ಲೇ ಇನ್ನೊಂದು ಅಭಿಧಮನಿ ಹಾದುಹೋಗುತ್ತದೆ, ಕೆಲವೊಮ್ಮೆ ಅದನ್ನು ಕಟ್ಟಿಬಿಡಬೇಕಾಗುತ್ತದೆ. ಭುಜದ ಕೀಲು ಬದಲಾಯಿಸಿಕೊಂಡ 100 ಜನರನ್ನು, ಲಕ್ಷಣ ಇರಲಿ ಇಲ್ಲದಿರಲಿ, ಸ್ಕ್ಯಾನ್ ಮಾಡಿ ನೋಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಸಿಕ್ಕ ಹೆಪ್ಪುಗಳು 13. ಅವುಗಳಲ್ಲಿ ಸುಮಾರು ಅರ್ಧ ಆಪರೇಷನ್ ಆದ ಕೈಯಲ್ಲಿದ್ದವು, ಉಳಿದವು ಕಾಲುಗಳಲ್ಲಿ. ಮನೆಯವರೆಲ್ಲ ಕೈಯನ್ನೇ ನೋಡುತ್ತಾ ಕುಳಿತರೆ ಅರ್ಧ ಕಥೆ ತಪ್ಪಿಹೋಗುತ್ತದೆ.

13 ಎಂಬ ಸಂಖ್ಯೆ ಕೇಳಿ ಹೆದರಬೇಡಿ. ಹುಡುಕಿಕೊಂಡು ಹೋದಾಗ ಸಿಗುವ ಹೆಪ್ಪುಗಳಲ್ಲಿ ಬಹಳಷ್ಟು ಸಣ್ಣವು, ಯಾರಿಗೂ ತಿಳಿಯದಂತೆ ಕರಗಿಹೋಗುವಂಥವು. ರೋಗಿಗೆ ತೊಂದರೆ ಕೊಟ್ಟು ಬೆಳಕಿಗೆ ಬರುವ ಹೆಪ್ಪುಗಳನ್ನಷ್ಟೇ ಎಣಿಸಿದರೆ, ಸಾವಿರಾರು ರೋಗಿಗಳ ದೊಡ್ಡ ದಾಖಲೆಗಳಲ್ಲಿ ಕಾಣುವುದು ಸಾವಿರಕ್ಕೆ ಸುಮಾರು 5ರಿಂದ 10.

ಈಗ ಚಿಕ್ಕಮ್ಮನವರ ಮಂಡಿಯ ವಿಷಯ. ಹೆಪ್ಪು ತಡೆಯುವ ಔಷಧ ಕೊಡದಿದ್ದ ಕಾಲದಲ್ಲಿ, ಸೊಂಟ ಅಥವಾ ಮಂಡಿಯ ಕೀಲು ಬದಲಾಯಿಸಿದವರ ಕಾಲಿನ ನಾಳಗಳಿಗೆ ಬಣ್ಣದ ದ್ರವ ಹಾಯಿಸಿ ಎಕ್ಸ್-ರೇ ತೆಗೆದಾಗ, ಸುಮಾರು ಅರ್ಧದಷ್ಟು ಜನರಲ್ಲಿ ಹೆಪ್ಪು ಕಾಣುತ್ತಿತ್ತು. ಅಲ್ಲಿ ಗಾಯವಾಗುವುದೂ ಕಾಲಿಗೆ, ಪಂಪು ನಿಲ್ಲುವುದೂ ಅದೇ ಕಾಲಿನದು, ನೋವಿನಿಂದ ನಡೆಯಲಾಗದಿರುವುದೂ ಅದೇ ಕಾಲು. ಹಾಗಾಗಿ ಅಲ್ಲಿ ಔಷಧ ಕೊಡುವುದು ಪದ್ಧತಿಯಾಯಿತು, ಅದಕ್ಕೆ ಗಟ್ಟಿಯಾದ ಆಧಾರವೂ ಇದೆ. ಭುಜದ ರೋಗಿ ಆಪರೇಷನ್ ಆದ ಸಂಜೆಯೇ ಅಥವಾ ಮರುದಿನವೇ ಎದ್ದು ನಡೆಯಬಲ್ಲರು. ಅವರ ಲೆಕ್ಕವೇ ಬೇರೆ.

ಇನ್ನೊಂದು ಪಾಲು ಲೆಕ್ಕವನ್ನು ಮನೆಯವರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಹೆಪ್ಪು ತಡೆಯುವ ಔಷಧ ಯಾವುದೇ ಆಗಲಿ, ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಭುಜದೊಳಗೆ ರಕ್ತ ಸೋರಿ ಮಡುಗಟ್ಟಿದರೆ ಗಾಯ ಮಾಯುವುದು ತಡವಾಗುತ್ತದೆ, ಆ ಮಡುವಿನಲ್ಲಿ ಸೋಂಕು ಬೇರೂರಲು ಅವಕಾಶವಾಗುತ್ತದೆ. ಹೊಸ ಕೀಲಿನ ಸುತ್ತ ಸೋಂಕಾಯಿತೆಂದರೆ ಮತ್ತೆ ಆಪರೇಷನ್, ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆಯಬೇಕಾದ ಪರಿಸ್ಥಿತಿ. ಸಾವಿರದಲ್ಲಿ ಬೆರಳೆಣಿಕೆಯಷ್ಟು ಜನರಿಗೆ ಬರುವ ಹೆಪ್ಪನ್ನು ತಡೆಯಲು ಸಾವಿರ ಜನರಿಗೂ ಈ ಅಪಾಯ ಹೊರಿಸಬೇಕೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಜಗತ್ತಿನ ತಜ್ಞರಲ್ಲೇ ಒಂದು ಮಾತಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2018ರ ಸೂಚನೆಯ ಪ್ರಕಾರ, ಕೈ ಅಥವಾ ಭುಜವನ್ನು ಮಾತ್ರ ಮರಗಟ್ಟಿಸಿ ಮಾಡುವ ಆಪರೇಷನ್‌ಗಳಲ್ಲಿ ಸಾಮಾನ್ಯವಾಗಿ ತಡೆ ಔಷಧ ಬೇಕಿಲ್ಲ. ಪೂರ್ಣ ಅರಿವಳಿಕೆಯ ಅವಧಿ 90 ನಿಮಿಷ ಮೀರಿದರೆ ಅಥವಾ ಆಪರೇಷನ್ನಿನ ನಂತರ ಓಡಾಡುವುದು ಕಷ್ಟವಾಗುವಂತಿದ್ದರೆ ಆಗ ಯೋಚಿಸಬೇಕು. ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ 2020ರಲ್ಲಿ, ನಂಬಲರ್ಹ ಪುರಾವೆ ಸಾಲದೆಂದು ಒಪ್ಪಿಕೊಂಡೇ, ಯಾಂತ್ರಿಕ ವಿಧಾನ ಅಥವಾ ಔಷಧ ಅಥವಾ ಎರಡನ್ನೂ ಬಳಸಿ ಎಂಬ ಅಭಿಪ್ರಾಯ ಕೊಟ್ಟಿತು. ಯಾಂತ್ರಿಕ ವಿಧಾನವೆಂದರೆ ಆಪರೇಷನ್ ನಡೆಯುವಾಗ ಕಾಲಿಗೆ ಸುತ್ತಿದ ಪಟ್ಟಿಗೆ ಗಾಳಿ ತುಂಬಿ ಬಿಡುತ್ತಾ ಮೀನಖಂಡವನ್ನು ಹಿಂಡುವ ಸಾಧನ. ನಿಮ್ಮ ತಾಯಿಗೂ ಅದನ್ನು ಹಾಕಿರಬಹುದು. ಅರಿವಳಿಕೆಯಲ್ಲಿದ್ದವರಿಗೆ ಅದು ತಿಳಿಯುವುದಿಲ್ಲ, ಮನೆಯವರಿಗೆ ಹೇಳುವ ಅಭ್ಯಾಸವೂ ನಮ್ಮಲ್ಲಿ ಕಡಿಮೆ. ಆದ್ದರಿಂದ ಮಾತ್ರೆ ಕೊಡದಿದ್ದುದಷ್ಟನ್ನೇ ಹಿಡಿದು ನಿರ್ಲಕ್ಷ್ಯ ಎನ್ನಲಾರೆ. ಏಕೆ ಕೊಡುತ್ತಿಲ್ಲ, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂದು ಮನೆಗೆ ಕಳುಹಿಸುವ ಮುನ್ನ ಎರಡು ನಿಮಿಷ ಕೂತು ಹೇಳಿದ್ದರೆ ನೀವು ಈ ಪತ್ರ ಬರೆಯಬೇಕಾಗಿರಲಿಲ್ಲ. ಆ ದೂರು ನ್ಯಾಯವಾದದ್ದು, ಮತ್ತು ಅದು ನನ್ನ ಇಡೀ ವೃತ್ತಿಗೆ ಸಲ್ಲುವಂಥದ್ದು.

ಆದರೆ 'ಭುಜಕ್ಕೆ ಬೇಕಿಲ್ಲ' ಎಂಬುದು ಎಲ್ಲ ಭುಜಗಳಿಗೂ ಅನ್ವಯಿಸುವ ನಿಯಮವಲ್ಲ. ಭುಜಕ್ಕಿಂತ ಭುಜದ ಒಡೆಯರು ಯಾರು ಎಂಬುದು ಮುಖ್ಯ. ಹಿಂದೊಮ್ಮೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಆಗಿದ್ದವರು ಈ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ. ಕ್ಯಾನ್ಸರ್ ಇರುವವರು, ತೂಕ ತುಂಬ ಹೆಚ್ಚಿರುವವರು, ಹೃದಯ ಅಥವಾ ಶ್ವಾಸಕೋಶ ದುರ್ಬಲವಾದವರು, ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳುವ ಮಹಿಳೆಯರು, ವಂಶಪಾರಂಪರ್ಯವಾಗಿ ಹೆಪ್ಪುಗಟ್ಟುವ ದೋಷ ಇರುವವರು ಇವರ ಹಿಂದೆಯೇ ಬರುತ್ತಾರೆ. ಬಿದ್ದು ಭುಜ ಮುರಿದು ಕೀಲು ಬದಲಾಯಿಸಿಕೊಂಡವರಿಗೆ, ಸವೆತಕ್ಕಾಗಿ ಮಾಡಿಸಿಕೊಂಡವರಿಗಿಂತ ಅಪಾಯ ಹೆಚ್ಚು. ವಯಸ್ಸೂ ಒಂದು ಕಾರಣವೇ, ಆದರೆ 69 ಒಂದೇ ಇದ್ದರೆ ಯಾರೂ ಗಾಬರಿಯಾಗುವುದಿಲ್ಲ. ನಿಮ್ಮ ಪತ್ರದಲ್ಲಿ ತಾಯಿಯವರ ಹಿಂದಿನ ಆರೋಗ್ಯದ ವಿವರ ಒಂದೂ ಇಲ್ಲ. ಅವರನ್ನೇ ಕೇಳಿ: ಹೆರಿಗೆಯ ಸಮಯದಲ್ಲಿ ಅಥವಾ ಆಮೇಲೆ ಎಂದಾದರೂ ಒಂದು ಕಾಲು ಊದಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದಿದ್ದರೇ? ಅವರ ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಾಗಿತ್ತೇ? ನಾಲ್ಕು ದಶಕದ ಹಿಂದಿನ ಊತವನ್ನು ಯಾವ ರೋಗಿಯೂ ತಾನಾಗಿ ನೆನಪಿಸಿಕೊಂಡು ಹೇಳುವುದಿಲ್ಲ. ಹೌದು ಎಂಬ ಉತ್ತರ ಬಂದರೆ ಅದನ್ನು ಇಂದೇ ವೈದ್ಯರಿಗೆ ತಿಳಿಸಿ.

ಆಸ್ಪಿರಿನ್ ನೀವೇ ಶುರು ಮಾಡಬೇಡಿ. ಕಾಲಿನಲ್ಲಿ ಈಗಾಗಲೇ ಹೆಪ್ಪಿದ್ದರೆ ಅದಕ್ಕೆ ಆಸ್ಪಿರಿನ್ ಸಾಲದು, 'ಏನೋ ಕೊಟ್ಟಿದ್ದೇವಲ್ಲ' ಎಂಬ ಸಮಾಧಾನದಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಹೆಪ್ಪಿಲ್ಲದಿದ್ದರೆ ಭುಜದಲ್ಲೂ ಹೊಟ್ಟೆಯಲ್ಲೂ ರಕ್ತ ಸೋರುವ ಅಪಾಯವನ್ನು ಸುಮ್ಮನೆ ಕೊಂಡುಕೊಂಡಂತೆ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ನಡೆಯುತ್ತಿದ್ದರಂತೂ ಎರಡೂ ಸೇರಿ ಹೊಟ್ಟೆಯ ಒಳಪದರಕ್ಕೆ ಪೆಟ್ಟು ಕೊಡುತ್ತವೆ. ವೈದ್ಯರು ರೋಗಿಯನ್ನು ನೋಡಿ ಆಸ್ಪಿರಿನ್ ಬರೆದುಕೊಟ್ಟರೆ ಅದು ಬೇರೆ ಮಾತು, ಕಡಿಮೆ ಅಪಾಯದವರಿಗೆ ಹಾಗೆ ಬರೆಯುವವರು ಬಹಳ ಜನ ಇದ್ದಾರೆ.

ಇನ್ನು ನೀಲಿಗಟ್ಟಿದ ಕೈ. ಭುಜದೊಳಗೆ ಸೋರಿದ ರಕ್ತ ಚರ್ಮದ ಅಡಿಯಲ್ಲೇ ಇಳಿಯುತ್ತಾ ಬರುತ್ತದೆ. ಮೊದಲು ತೋಳು, ಆಮೇಲೆ ಮೊಣಕೈ, ಕೆಲವರಲ್ಲಿ ಮುಂಗೈವರೆಗೆ. ನೀಲಿ, ನೇರಳೆ, ಹಸಿರು, ಹಳದಿ ಎಂದು ಬಣ್ಣ ಬದಲಾಯಿಸುತ್ತಾ ಎರಡು ಮೂರು ವಾರಗಳಲ್ಲಿ ಮಾಸುತ್ತದೆ. ನೋಡಲು ಭಯಂಕರ, ಹೆಚ್ಚಿನವರಲ್ಲಿ ನಿರಪಾಯಕರ. ಬೆರಳು ಊದುವುದು ಕೈಯನ್ನು ಜೋಲಿಯಲ್ಲಿ ತೂಗುಹಾಕಿ ಅಲ್ಲಾಡಿಸದಿರುವುದರಿಂದ. ಜೋಲಿಯ ಪಟ್ಟಿಯನ್ನು ಸರಿಮಾಡಿ ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರುವಂತೆ ನೋಡಿಕೊಳ್ಳಿ, ಗಂಟೆಗೊಮ್ಮೆ ಮುಷ್ಟಿ ಬಿಗಿದು ಬಿಡಲು ಹೇಳಿ. ರಾತ್ರಿ ಇದ್ದ ಊತ ಬೆಳಿಗ್ಗೆಗೆ ಇಳಿದರೆ ನಿಶ್ಚಿಂತೆ. ಆದರೆ ಇಡೀ ತೋಳು ದಿನೇದಿನೇ ದಪ್ಪವಾಗಿ ಬಿಗಿದುಕೊಂಡರೆ, ಎದೆ ಮತ್ತು ಭುಜದ ಮೇಲೆ ಹಿಂದೆ ಕಾಣದಿದ್ದ ರಕ್ತನಾಳಗಳು ಉಬ್ಬಿ ಕಂಡರೆ, ಕಂಕುಳಲ್ಲಿ ಭಾರವಾದ ನೋವು ಬಂದರೆ ಆ ಕೈಗೂ ಸ್ಕ್ಯಾನ್ ಬೇಕು. ಗಾಯದ ಸುತ್ತ ಬಿಸಿ, ಕೆಂಪು, ಕೀವು ಕಂಡರೆ ಅದು ಸೋಂಕಿನ ಸೂಚನೆ, ಅದಕ್ಕೂ ತಡಮಾಡುವಂತಿಲ್ಲ.

ಉಸಿರಾಟದ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಭುಜದ ಆಪರೇಷನ್ನಿಗೆ ಕುತ್ತಿಗೆಯ ಬದಿಯಲ್ಲಿ ಚುಚ್ಚಿ ಕೈಯ ನರಗಳನ್ನು ಮರಗಟ್ಟಿಸುವುದುಂಟು. ಆ ಔಷಧ ಪಕ್ಕದಲ್ಲೇ ಇರುವ, ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಆಡಿಸುವ ನರಕ್ಕೂ ತಾಗುವುದರಿಂದ ಒಂದು ಬದಿಯ ವಪೆ ಕೆಲಕಾಲ ಕೆಲಸ ನಿಲ್ಲಿಸುತ್ತದೆ. ಮೊದಲ ದಿನ ಕೆಲವರಿಗೆ ಉಸಿರು ಪೂರ್ತಿ ಎಳೆದಂತಾಗುವುದಿಲ್ಲ. 'ಆಪರೇಷನ್ ದಿನವೂ ಹೀಗೇ ಆಗಿತ್ತು, ಏನೂ ಆಗಲಿಲ್ಲ' ಎಂದು ಅದನ್ನೇ ನೆನಪಿಟ್ಟುಕೊಂಡವರು ಆಮೇಲೆ ನಿಜವಾದ ಅಪಾಯವನ್ನೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಂದು ಸಲದ ಚುಚ್ಚುಮದ್ದಿನ ಪ್ರಭಾವ ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಹನ್ನೆರಡನೆಯ ದಿನ ಬಂದ ಏದುಸಿರಿಗೆ ಅದನ್ನು ಹೊಣೆ ಮಾಡುವಂತಿಲ್ಲ.

ಸ್ಕ್ಯಾನಿಗೆ ಹೋದಾಗ ಯಾರಾದರೂ 'ಮೊದಲು ಡಿ-ಡೈಮರ್ ರಕ್ತಪರೀಕ್ಷೆ ಮಾಡಿಸಿ' ಎನ್ನಬಹುದು. ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ತುಣುಕುಗಳನ್ನು ಅಳೆಯುವ ಪರೀಕ್ಷೆ ಅದು. ದೊಡ್ಡ ಆಪರೇಷನ್ ಆದವರಲ್ಲಿ, ಕಾಲಿನಲ್ಲಿ ಹೆಪ್ಪು ಇರಲಿ ಇಲ್ಲದಿರಲಿ, ಅದು ವಾರಗಟ್ಟಲೆ ಹೆಚ್ಚಾಗಿಯೇ ಇರುತ್ತದೆ. ಈ ಹಂತದಲ್ಲಿ ಅದು ಹೆಚ್ಚು ಬಂದರೆ ಭಯ ಹುಟ್ಟಿಸುವುದಷ್ಟೇ ಅದರ ಕೆಲಸ. ಡಾಪ್ಲರ್‌ನಲ್ಲಿ ವೈದ್ಯರು ತೊಡೆಸಂದಿನಿಂದ ಮಂಡಿಯ ಹಿಂಭಾಗದವರೆಗೆ, ಸಾಧ್ಯವಾದರೆ ಮೀನಖಂಡದವರೆಗೆ, ಸ್ಕ್ಯಾನಿನ ಹಿಡಿಕೆಯಿಂದ ಅಭಿಧಮನಿಯನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ಹೆಪ್ಪಿಲ್ಲದ ನಾಳ ಅದುಮಿದರೆ ಮುಚ್ಚಿಕೊಳ್ಳುತ್ತದೆ, ಒಳಗೆ ಹೆಪ್ಪಿದ್ದರೆ ಮುಚ್ಚುವುದಿಲ್ಲ. ಚುಚ್ಚುವುದಿಲ್ಲ, ನೋವಿಲ್ಲ. ಶ್ವಾಸಕೋಶದ ಅನುಮಾನವಿದ್ದರೆ ಮಾತ್ರ ಬಣ್ಣದ ದ್ರವ ಕೊಟ್ಟು ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಹೆಪ್ಪು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಆಗ ಕೊಡುವ ಔಷಧಕ್ಕೆ 'ರಕ್ತ ತೆಳು ಮಾಡುವ ಮಾತ್ರೆ' ಎಂಬ ಹೆಸರು ಚಾಲ್ತಿಯಲ್ಲಿದ್ದರೂ ಅದು ರಕ್ತವನ್ನು ನೀರಾಗಿಸುವುದಿಲ್ಲ, ಇದ್ದ ಹೆಪ್ಪನ್ನು ತಾನೇ ಕರಗಿಸುವುದೂ ಇಲ್ಲ. ಹೆಪ್ಪು ಇನ್ನಷ್ಟು ಬೆಳೆಯದಂತೆ ತಡೆಹಿಡಿಯುತ್ತದೆ, ಕರಗಿಸುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ. ಆಪರೇಷನ್ನಿನಂಥ ತಾತ್ಕಾಲಿಕ ಕಾರಣದಿಂದ ಬಂದ ಹೆಪ್ಪಿಗೆ ಸಾಮಾನ್ಯವಾಗಿ ಮೂರು ತಿಂಗಳ ಚಿಕಿತ್ಸೆ. ಅಪಿಕ್ಸಬಾನ್, ರಿವರಾಕ್ಸಬಾನ್ ಮುಂತಾದ ಮಾತ್ರೆಗಳಾದರೆ ಪದೇಪದೇ ರಕ್ತಪರೀಕ್ಷೆಯ ಗೋಜಿಲ್ಲ, ವಾರ್ಫರಿನ್ ಆದರೆ ಪರೀಕ್ಷೆ ಮಾಡಿಸುತ್ತಾ ಪ್ರಮಾಣ ಹೊಂದಿಸಬೇಕು. ಮೂತ್ರಪಿಂಡ ಹೇಗಿದೆ, ಬೇರೆ ಯಾವ ಮಾತ್ರೆಗಳಿವೆ ಎಂಬುದನ್ನು ನೋಡಿ ವೈದ್ಯರು ಆಯ್ಕೆ ಮಾಡುತ್ತಾರೆ. ಹೊಸ ಕೀಲಿಗೆ ಇದರಿಂದ ನೇರ ಹಾನಿಯಿಲ್ಲ. ಭುಜ ಇದ್ದಕ್ಕಿದ್ದಂತೆ ಉಬ್ಬಿ ಬಿಗಿಯಾದರೆ, ಗಾಯ ಮತ್ತೆ ಒಸರಿದರೆ, ಮಲ ಡಾಂಬರಿನಂತೆ ಕಪ್ಪಾದರೆ ತಿಳಿಸಬೇಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು.

ಹೆಪ್ಪು ಸಿಗದಿದ್ದರೆ ಮಾಡಬೇಕಾದ ಮೊದಲ ಕೆಲಸ ಆ ಒರಗು ಕುರ್ಚಿಯದು. ಭುಜದ ರೋಗಿಗಳಲ್ಲಿ ಅನೇಕರು ಮೊದಲ ಕೆಲವು ವಾರ ಕುರ್ಚಿಯಲ್ಲೇ ಮಲಗುತ್ತಾರೆ, ಮಲಗಿ ಎಂದು ನಾವೇ ಹೇಳಿರುತ್ತೇವೆ. ಮಲಗುವ ಕೋನವನ್ನು ಹೇಳುವ ನಾವು ಕಾಲಿನ ಮಾತನ್ನು ಎತ್ತುವುದಿಲ್ಲ. ಮಂಡಿ ಮಡಿಚಿ, ಪಾದ ಇಳಿಬಿಟ್ಟು, ತೊಡೆಯ ಹಿಂಭಾಗಕ್ಕೆ ಕುರ್ಚಿಯ ಅಂಚು ಒತ್ತಿಕೊಂಡು ಎಂಟು ಗಂಟೆ ಕಳೆದರೆ, ಆಪರೇಷನ್ ಮೇಜಿನ ಭಂಗಿಯನ್ನೇ ರಾತ್ರಿ ರಾತ್ರಿಯೂ ಮುಂದುವರಿಸಿದಂತೆ. ಕಾಲಿಗೆ ಆಸರೆ ಕೊಟ್ಟು ಉದ್ದಕ್ಕೆ ಚಾಚುವಂತೆ ಮಾಡಿ. ಹಾಸಿಗೆಯ ಮೇಲೆ ಬೆನ್ನಿಗೂ ತೋಳಿನ ಹಿಂದೆಯೂ ದಿಂಬು ಪೇರಿಸಿ ಅರ್ಧ ಕುಳಿತಂತೆ ಮಲಗಿಸಿದರೆ ಇನ್ನೂ ಒಳ್ಳೆಯದು. ಮಂಡಿಯ ಅಡಿಗೆ ಮಾತ್ರ ದಪ್ಪ ದಿಂಬು ಇಡಬೇಡಿ, ಅದೂ ನಾಳವನ್ನು ಒತ್ತುತ್ತದೆ. ಎಚ್ಚರವಾದಾಗಲೆಲ್ಲ ಪಾದವನ್ನು ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಲಿ. ಹಗಲಿನಲ್ಲಿ ಒಂದೇ ಸಲ ಅರ್ಧ ಗಂಟೆ ನಡೆದು ದಿನವಿಡೀ ಕೂರುವುದಕ್ಕಿಂತ, ಗಂಟೆಗೊಮ್ಮೆ ಎದ್ದು ಮನೆಯೊಳಗೇ ನಾಲ್ಕು ಸುತ್ತು ಹಾಕುವುದು ಮೇಲು. ಕೈ ಜೋಲಿಯಲ್ಲಿರುವಾಗ ಸಮತೋಲ ತಪ್ಪುತ್ತದೆ, ಆದ್ದರಿಂದ ಜೊತೆಗೊಬ್ಬರು ಇರಲಿ, ನೆಲದಲ್ಲಿ ಜಾರುವ ಚಾಪೆ ಇಲ್ಲದಿರಲಿ. ಶೌಚಕ್ಕೆ ಏಳುವುದು ಕಷ್ಟವೆಂದು ಹಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ವೈದ್ಯರು ಮಿತಿ ಹೇಳಿರದಿದ್ದರೆ ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯಲಿ, ಏಳುವ ನೆಪವೂ ಆಗುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣವನ್ನು ಮೊದಲ ಕೆಲವು ವಾರ ಮುಂದೂಡಿ. ಹೆಪ್ಪಿನ ಅಪಾಯ ಮೊದಲ ವಾರಗಳಲ್ಲಿ ಹೆಚ್ಚು, ಪೂರ್ತಿ ತಗ್ಗಲು ಸುಮಾರು ಮೂರು ತಿಂಗಳು ಬೇಕು.

ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದು ವರದಿಯನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ. ಮೀನಖಂಡದ ಸಣ್ಣ ನಾಳದಲ್ಲಿ ಶುರುವಾದ ಹೆಪ್ಪು ಮೊದಲ ದಿನ ತಪ್ಪಿಸಿಕೊಂಡು, ಕೆಲ ದಿನಗಳಲ್ಲಿ ಮೇಲಕ್ಕೆ ಬೆಳೆದು ಕಾಣಿಸಿಕೊಳ್ಳುವುದುಂಟು. ಕುರ್ಚಿಯ ವ್ಯವಸ್ಥೆ ಸರಿಪಡಿಸಿದ ಮೇಲೂ ಎಡಗಾಲಿನ ಊತ ಇಳಿಯದಿದ್ದರೆ, ಒಂದು ವಾರದೊಳಗೆ ಅದೇ ಸ್ಕ್ಯಾನನ್ನು ಮತ್ತೊಮ್ಮೆ ಮಾಡಿಸಿ. ಇಂದು ಅಳೆದ ಸುತ್ತಳತೆಯನ್ನು ದಿನಾಂಕದೊಂದಿಗೆ ಬರೆದಿಟ್ಟಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.